ಗಿರಿಧಾಮಕ್ಕೊಂದು ಮೇರೆ

ಬೇಸಿಗೆಯ ರಜೆ ಸಮೀಪಿಸಿದಂತೆ ಗೃಹಸ್ಥರ ಮನೆಗಳಲ್ಲಿ ಪ್ರವಾಸದ ಮಾತು ಮೊದಲಾಗುವುದು ಸಹಜ. ವರ್ಷವಿಡೀ ದುಡಿದ ಜೀವಕ್ಕೆ ತಂಪು ಬೇಕು. ಮಕ್ಕಳಿಗೆ ಹೊಸ ನೋಟ ಬೇಕು. ಶ್ರಾವಕ ಧರ್ಮವು ಇದನ್ನು ಬೇಡವೆನ್ನುವುದಿಲ್ಲ. ಹೊರಡುವ ಮುನ್ನ ಒಂದು ಪ್ರಶ್ನೆಯನ್ನು ಮಾತ್ರ ಮುಂದಿಡುತ್ತದೆ: ಈ ಪ್ರಯಾಣದ ಮೇರೆ ಯಾವುದು?

ಮೈಸೂರಿನ ಒಂದು ಶ್ರಾವಕ ಕುಟುಂಬವು ಉದಕಮಂಡಲಕ್ಕೆ ಹೋಗಲು ನಿಶ್ಚಯಿಸಿತು. ಯೋಜನೆ ಮನೆಯ ಮಗನದು. ಸಂಜೆ ಬೇಗನೆ ಅಂಗಡಿ ಮುಚ್ಚಿ ಕಾರಿನಲ್ಲಿ ಹೊರಡುವುದು, ಗುಂಡ್ಲುಪೇಟೆಯಲ್ಲಿ ಊಟ ಕಟ್ಟಿಸಿಕೊಳ್ಳುವುದು, ರಾತ್ರಿ 9ಕ್ಕೆ ಬಂಡೀಪುರದ ಗೇಟು ಮುಚ್ಚುವ ಮೊದಲೇ ಹೇಗಾದರೂ ಕಾಡನ್ನು ದಾಟಿಬಿಡುವುದು. ಹೀಗೆ ಮಾಡಿದರೆ ಒಂದು ದಿನ ಉಳಿಯುವುದೆಂಬುದು ಅವನ ಲೆಕ್ಕ. ಆ ಲೆಕ್ಕದಲ್ಲಿ ಎಪ್ಪತ್ತು ದಾಟಿದ ತಾಯಿಗೆ ಸ್ಥಳವಿರಲಿಲ್ಲ. ಅವರಿಗೆ ಸೂರ್ಯಾಸ್ತದ ನಂತರ ಆಹಾರ ತ್ಯಾಗ. ಸೋಸದ ನೀರು ವರ್ಜ್ಯ. "ನೀವೆಲ್ಲ ಹೋಗಿ ಬನ್ನಿರಪ್ಪಾ, ನನ್ನ ವ್ರತ ನಿಮಗೇಕೆ ತೊಡಕಾಗಬೇಕು?" ಎಂದು ಅವರೇ ಹಿಂದೆ ಸರಿದರು. ಮಗನೂ ಹೆಚ್ಚು ಒತ್ತಾಯಿಸಲಿಲ್ಲ. ಸಂಸಾರ ಒಟ್ಟಿಗಿರಲೆಂದು ಹೂಡಿದ ಪ್ರವಾಸದಿಂದ ಸಂಸಾರದ ಹಿರಿಯ ಜೀವವೇ ಹೊರಗುಳಿಯಿತು.

ಅಂದು ಮೊಮ್ಮಗಳು ತಂದೆಯನ್ನು ಕೇಳಿದಳು: "ಅಪ್ಪ, ಆ ಗೇಟು ಏಕೆ ಮುಚ್ಚುತ್ತಾರೆ?"

"ಕತ್ತಲಾದ ಮೇಲೆ ಪ್ರಾಣಿಗಳು ರಸ್ತೆಗೆ ಬರುತ್ತವಮ್ಮ. ಗಾಡಿಗಳಿಗೆ ಸಿಕ್ಕಿ ಸಾಯುತ್ತವೆ. ಅದಕ್ಕೇ 2009ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಲ್ಲಿಸಿದ್ದಾರೆ."

ಜಪಮಾಲೆ ಹಿಡಿದು ಕುಳಿತಿದ್ದ ಅಜ್ಜಿ ಮೆಲ್ಲನೆ ನುಡಿದರು: "ನಮ್ಮ ಹಿರಿಯರು ತಟ್ಟೆಗೆ ಹಾಕಿದ ಗೇಟೂ ಅದಕ್ಕೇ ಮಗು. ಕತ್ತಲಲ್ಲಿ ಜೀವ ಕಾಣಿಸುವುದಿಲ್ಲ."

ಮಗ ನಿರುತ್ತರನಾದ. ಸರ್ಕಾರದ ಗೇಟಿಗೆ ತಲೆಬಾಗಿ ವೇಳಾಪಟ್ಟಿ ಬರೆದವನು ತಾಯಿಯ ವ್ರತಕ್ಕಾಗಿ ಒಂದು ಗಳಿಗೆಯನ್ನೂ ಹೊಂದಿಸಿರಲಿಲ್ಲ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ದಿಗ್ವ್ರತವನ್ನು ವಿವರಿಸುವಾಗ ನದಿ, ಅರಣ್ಯ, ಪರ್ವತಗಳನ್ನು ಶ್ರಾವಕನು ದಾಟದಿರುವ ಎಲ್ಲೆಗಳೆಂದು ಎಣಿಸಿದ್ದಾರೆ. ನಮ್ಮ ಕಾಲದಲ್ಲಿ ಅದೇ ಪರ್ವತವು ಹೋಗಿ ಮುಟ್ಟುವ ಗುರಿಯಾಗಿದೆ. ಅದೇ ಗ್ರಂಥವು ನಿಷ್ಪ್ರಯೋಜಕವಾಗಿ ಗಿಡ ಕೀಳುವುದು, ನೀರು ಚೆಲ್ಲುವುದು ಮಾತ್ರವಲ್ಲ, ವ್ಯರ್ಥವಾಗಿ ಅಲೆಯುವುದನ್ನೂ ಪ್ರಮಾದಚರ್ಯೆಯೆಂಬ ಅನರ್ಥದಂಡದಲ್ಲಿ ಸೇರಿಸಿದೆ. ಮಿತಿಯಿಲ್ಲದ ಅಲೆದಾಟದ ಭಾರವನ್ನು ಇಂದು ಬೆಟ್ಟಗಳೂ ಹೊರಲಾರವು. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಉದಕಮಂಡಲಕ್ಕೆ ಇ-ಪಾಸ್ ಜಾರಿಗೆ ಬಂತು. 2025ರ ಬೇಸಿಗೆಯಲ್ಲಿ ನೀಲಗಿರಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳೆಂದು ಮಿತಿ ಗೊತ್ತಾಯಿತು. ಮನುಷ್ಯನು ತಾನಾಗಿ ಹಾಕಿಕೊಳ್ಳದ ಪರಿಮಾಣವನ್ನು ನ್ಯಾಯಾಲಯ ಹಾಕಬೇಕಾಯಿತು.

ಮರುದಿನ ಮಗ ಹಳೆಯ ಯೋಜನೆಯ ಹಾಳೆಯನ್ನು ಹರಿದು ಹೊಸದನ್ನು ಬರೆದ. ಮುಂಜಾನೆ ಬಸದಿಯ ದರ್ಶನ ಮುಗಿಸಿ ಹೊರಡುವುದು. ಹಗಲಿನಲ್ಲೇ ನಿಧಾನವಾಗಿ ಕಾಡು ದಾಟುವುದು. ಸೂರ್ಯಾಸ್ತಕ್ಕೆ ಮುನ್ನ ಎಲ್ಲರೂ ಒಟ್ಟಿಗೆ ಉಣ್ಣುವುದು. ಸೊಸೆ ಸೋಸುವ ಬಟ್ಟೆಯನ್ನೂ ಸ್ಟೀಲಿನ ಕ್ಯಾನನ್ನೂ ಮೊದಲು ತೆಗೆದಿಟ್ಟಳು. ನೀಲಗಿರಿಯಲ್ಲಿ ಬಳಸಿ ಎಸೆಯುವ ಪ್ಲಾಸ್ಟಿಕ್ ನೀರಿನ ಬಾಟಲಿಗಳಿಗೆ ನಿಷೇಧವಿರುವುದರಿಂದ ಅತ್ತೆಯ ಕ್ಯಾನೇ ಎಲ್ಲರ ಕ್ಯಾನಾಯಿತು. ಅಲ್ಲಿ ಅಂಗಡಿ ಅಂಗಡಿಯಲ್ಲೂ ಮಾರುವ ಜೇನನ್ನು ಕೊಳ್ಳಬಾರದೆಂದೂ, ಸಸ್ಯೋದ್ಯಾನದಲ್ಲಿ ಒಂದು ಹೂವನ್ನೂ ಕೀಳಬಾರದೆಂದೂ ಮಕ್ಕಳೇ ಹಾಳೆಯ ಕೊನೆಯಲ್ಲಿ ಬರೆದರು. ಮೂರು ದಿನಗಳ ಪ್ರವಾಸವು ಎರಡಕ್ಕೆ ಇಳಿಯಿತು. ನೋಡುವ ಜಾಗಗಳು ಕಡಿಮೆಯಾದವು, ಕಾರಿನಲ್ಲಿ ಒಂದು ಆಸನ ಹೆಚ್ಚು ತುಂಬಿತು.

ವ್ರತವು ಪ್ರಯಾಣಕ್ಕೆ ಅಡ್ಡಿಯೆಂದು ತಿಳಿದು ವ್ರತಿಗಳನ್ನು ಮನೆಯಲ್ಲಿ ಬಿಟ್ಟು ಹೊರಡುವವರು ಇದನ್ನು ಆಲೋಚಿಸಬೇಕು. ಹಿರಿಯರ ನಿಯಮವು ಕಿರಿಯರ ಸಂತೋಷವನ್ನು ಕಿತ್ತುಕೊಳ್ಳುವ ಗೋಡೆಯಲ್ಲ. ಎಷ್ಟು ದೂರ, ಎಷ್ಟು ವೇಗ, ಎಷ್ಟು ಭೋಗ ಸಾಕೆಂಬುದನ್ನು ತೋರಿಸುವ ಮೈಲಿಗಲ್ಲು ಅದು.