ನವುಲೆಯ ಬಯಲು

ಪ್ರವಾಸವೆಂದೊಡನೆ ನಮ್ಮ ಕುಟುಂಬಗಳು ಗದ್ದುಗೆ, ದೇವಾಲಯ, ಕೋಟೆಗಳನ್ನು ನೆನೆಯುವುದು ವಾಡಿಕೆ. ಚನ್ನಗಿರಿ ಸೀಮೆಯಲ್ಲಿ ಇಂಥವಕ್ಕೆ ಕೊರತೆಯಿಲ್ಲ. ಊರ ಗುಡ್ಡದ ಮೇಲೆ ಕೋಟೆಯಿದೆ, ಸಂತೇಬೆನ್ನೂರಿನಲ್ಲಿ ಪುಷ್ಕರಣಿಯಿದೆ, ಕಣ್ಣು ಹರಿಯುವಷ್ಟು ದೂರ ನೀರು ತುಂಬಿದ ಸೂಳೆಕೆರೆಯಿದೆ. ನೋಡತಕ್ಕ ಸ್ಥಳಗಳ ಸಾಲಿನಲ್ಲಿ ಆಟದ ಮೈದಾನವೊಂದಕ್ಕೂ ಎಡೆಯಿರಬೇಕೆಂದರೆ ಹಿರಿಯರು ಹುಬ್ಬೇರಿಸಬಹುದು. ಆದರೂ ಶಿವಮೊಗ್ಗದ ನವುಲೆಯ ಕ್ರಿಕೆಟ್ ಕ್ರೀಡಾಂಗಣವು ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬೇಕಾದ ಸ್ಥಳವೇ ಸರಿ.

ಚನ್ನಗಿರಿಯಿಂದ ಹೊರಟವರು ಮೊದಲು ಭದ್ರೆಯನ್ನೂ ಅನಂತರ ತುಂಗೆಯನ್ನೂ ದಾಟಿ, ಸುಮಾರು 40 ಕಿಲೋಮೀಟರ್ ಕ್ರಮಿಸಿ ಶಿವಮೊಗ್ಗ ಸೇರುತ್ತಾರೆ. ನ್ಯಾಮತಿಯ ಕಡೆಯಿಂದ ಸವಳಂಗದ ಮಾರ್ಗವಾಗಿ ಬರುವವರಿಗೆ ನಗರದ ನಡುಭಾಗಕ್ಕೆ ಮುನ್ನವೇ ನವುಲೆ ಎದುರಾಗುತ್ತದೆ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಗೇ ಸೇರಿದ್ದವು. ಜಿಲ್ಲೆ ಬೇರೆಯಾಯಿತು, ಓದಿಗೆ, ವೈದ್ಯಕ್ಕೆ ಅತ್ತ ಹೋಗುವ ರೂಢಿ ಉಳಿಯಿತು.

ನವುಲೆಯ ಹೆಸರು ಮೊದಲು ಹಬ್ಬಿದ್ದು ವಿದ್ಯೆಯ ಮೂಲಕ. 1946ರಲ್ಲಿ ಸ್ಥಾಪಿತವಾದ ನ್ಯಾಷನಲ್ ಎಜುಕೇಷನ್ ಸೊಸೈಟಿಯು 1980ರಲ್ಲಿ ಜವಾಹರಲಾಲ್ ನೆಹರೂ ಅವರ ಹೆಸರಿನ ಇಂಜಿನಿಯರಿಂಗ್ ಕಾಲೇಜನ್ನು ಆರಂಭಿಸಿತು. ಕಾಲೇಜು ಬಂದಲ್ಲಿಗೆ ತರುಣರು ಬರುತ್ತಾರೆ. ತರುಣರು ಬಂದಲ್ಲಿ ಆಟ ತಾನಾಗಿ ಹುಟ್ಟುತ್ತದೆ. ಅದೇ ನವುಲೆಯಲ್ಲಿ ಮುಂದೆ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಕ್ರೀಡಾಂಗಣವೂ ರೂಪುಗೊಂಡಿತು. ರಾಜ್ಯದ ತಂಡವು ಇಲ್ಲಿ 2018ರ ಡಿಸೆಂಬರಿನಲ್ಲಿ ರೈಲ್ವೇಸ್ ವಿರುದ್ಧವೂ 2020ರ ಫೆಬ್ರವರಿಯಲ್ಲಿ ಮಧ್ಯಪ್ರದೇಶದ ವಿರುದ್ಧವೂ ರಣಜಿ ಪಂದ್ಯಗಳನ್ನಾಡಿತು. 2025ರ ಅಕ್ಟೋಬರಿನಲ್ಲಿ ಗೋವಾ ತಂಡದೆದುರು ಕರುಣ್ ನಾಯರ್ ಔಟಾಗದೆ 174 ರನ್ ಗಳಿಸಿದ್ದೂ ಇಲ್ಲಿಯೇ.

ಬಯಲು ಕ್ರೀಡಾಂಗಣವಾಗುವುದು ಸುತ್ತಲೂ ಮೆಟ್ಟಿಲು ಕಟ್ಟಿದ ಮಾತ್ರಕ್ಕೆ ಅಲ್ಲ. ಅದರ ಜೀವವಿರುವುದು ನಡುವಿನ 22 ಗಜದ ಪಿಚ್ಚಿನಲ್ಲಿ. ಅಡಿಯಲ್ಲಿ ಜಲ್ಲಿ ಮರಳುಗಳ ಪದರ, ಮೇಲೆ ಅಂಟುಗುಣದ ಜೇಡಿಮಣ್ಣು. ಅದಕ್ಕೆ ಹದವರಿತು ನೀರುಣಿಸಿ, ಹುಲ್ಲು ಬೆಳೆಸಿ, ಕತ್ತರಿಸಿ, ದಿನದಿನವೂ ರೋಲರ್ ಎಳೆಯಬೇಕು. ನೀರು ಹೆಚ್ಚಾದರೆ ಚೆಂಡು ಪುಟಿಯದು. ಕಡಿಮೆಯಾದರೆ ನೆಲ ಬಿರಿಯುತ್ತದೆ. ಮಲೆನಾಡಿನ ಸೆರಗಿನ ಶಿವಮೊಗ್ಗದಂಥ ಊರಿನಲ್ಲಿ ಮಳೆಯ ನೀರು ಬೇಗ ಬಸಿದು ಹೋಗುವ ಏರ್ಪಾಡೂ ಅಷ್ಟೇ ಮುಖ್ಯ. ಚಪ್ಪಾಳೆಯೆಲ್ಲ ಆಟಗಾರನಿಗೆ ಸಲ್ಲುತ್ತದೆ. ನಸುಕಿನಲ್ಲಿ ಬಂದು ನೆಲವನ್ನು ಅಂಗೈಯಿಂದ ಮುಟ್ಟಿ ಅದರ ಹದ ತಿಳಿಯುವ ಕೆಲಸಗಾರನ ಹೆಸರು ಯಾರಿಗೂ ತಿಳಿಯದು. ಕಾಯಕವೆಂಬ ಮಾತಿನ ಅರ್ಥವನ್ನು ಮಕ್ಕಳಿಗೆ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಈ ನೆಲಕ್ಕೆ ದೇಶದಾದ್ಯಂತ ಹೆಸರು ಬಂದದ್ದು 2024ರ ಜನವರಿಯಲ್ಲಿ. ಹತ್ತೊಂಬತ್ತು ವರ್ಷದೊಳಗಿನವರ ಕೂಚ್ ಬಿಹಾರ್ ಟ್ರೋಫಿಯ ಅಂತಿಮ ಪಂದ್ಯದಲ್ಲಿ ಮುಂಬಯಿ 380 ರನ್ ಗಳಿಸಿತು. ಉತ್ತರವಾಗಿ ಕರ್ನಾಟಕವು 8 ವಿಕೆಟ್ಟಿಗೆ 890 ರನ್ ಗಳಿಸಿತು. ಪ್ರಖರ್ ಚತುರ್ವೇದಿ ಎಂಬ ತರುಣ 638 ಎಸೆತಗಳನ್ನೆದುರಿಸಿ 404 ರನ್ನಿನೊಡನೆ ಅಜೇಯನಾಗಿ ಉಳಿದನು. ಆ ಟ್ರೋಫಿಯ ಫೈನಲ್ಲಿನಲ್ಲಿ 1999ರಲ್ಲಿ ಯುವರಾಜ್ ಸಿಂಗ್ ಗಳಿಸಿದ್ದ 358 ರನ್ನಿನ ದಾಖಲೆ ಹಿಂದೆ ಬಿದ್ದಿತು. ಮೊದಲ ಇನಿಂಗ್ಸಿನ ಮುನ್ನಡೆಯಿಂದ ಕರ್ನಾಟಕ ಪ್ರಶಸ್ತಿ ಪಡೆಯಿತು. ಅಷ್ಟು ಎಸೆತಗಳಲ್ಲಿ ಒಂದಕ್ಕೂ ಚಿತ್ತ ಚಲಿಸಲಿಲ್ಲವೆಂಬುದು ರನ್ನಿನ ಲೆಕ್ಕಕ್ಕಿಂತ ದೊಡ್ಡದು.

ಸಂತೋಷದ ಜೊತೆಗೆ ಒಂದು ವಿಚಾರವನ್ನೂ ಓದುಗರ ಮುಂದಿಡಬೇಕಾಗಿದೆ. ಗುಂಡಪ್ಪ ವಿಶ್ವನಾಥ್ 1949ರಲ್ಲಿ ಜನಿಸಿದ್ದು ಚನ್ನಗಿರಿಯ ನೆರೆಯ ಭದ್ರಾವತಿಯಲ್ಲಿ. ಅವರ ಆಟ ಅರಳಿದ್ದು ಬೆಂಗಳೂರಿನಲ್ಲಿ. 1969ರಲ್ಲಿ ಕಾನಪುರದ ತಮ್ಮ ಮೊದಲ ಟೆಸ್ಟಿನಲ್ಲಿ ಸೊನ್ನೆಗೆ ಔಟಾಗಿ, ಎರಡನೆಯ ಸರದಿಯಲ್ಲಿ 137 ರನ್ ಹೊಡೆದ ಧೀರರವರು. ಅಂದು ಮೈದಾನವನ್ನು ಹುಡುಕಿಕೊಂಡು ರಾಜಧಾನಿಗೆ ಹೋಗಬೇಕಿತ್ತು. ಇಂದು ಮೈದಾನವೇ ನಮ್ಮ ಬಾಗಿಲಿಗೆ ಬಂದಿದೆ. ಹಾಗಿದ್ದೂ ನವುಲೆಯಲ್ಲಿ ದಾಖಲೆ ಬರೆದ ತರುಣ ಬೆಂಗಳೂರಿನವನು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಮಕ್ಕಳು ಇಲ್ಲಿ ಪ್ರೇಕ್ಷಕರಾಗಿ ಮಾತ್ರ ಕುಳಿತುಕೊಳ್ಳಬೇಕೆ?

ದೊಡ್ಡ ಕ್ರೀಡಾಂಗಣವು ಕೆರೆಯಿದ್ದಂತೆ; ಸಣ್ಣ ಊರುಗಳ ಶಾಲಾ ಬಯಲುಗಳೇ ಅದಕ್ಕೆ ನೀರು ತರುವ ಹಳ್ಳಗಳು. ಶಾಲೆಗೆ ಹೊಸ ಕೊಠಡಿ ಬೇಕಾದಾಗ ಮೊದಲು ಕರಗುವುದು ಆಟದ ಬಯಲು. ಮಠದ ಉಚಿತ ಪ್ರಸಾದನಿಲಯಗಳಲ್ಲಿ ಬೆಳೆದ ನಮ್ಮಂಥವರಿಗೆ ಸಂಜೆಯ ಕಬಡ್ಡಿ, ಖೋ-ಖೋಗಳೂ ಪಾಠವೇ ಆಗಿದ್ದವು. ಸೋತವನು ಗೆದ್ದವನ ಪಕ್ಕದಲ್ಲೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದನು. ಶಾಲೆ ನಡೆಸುವ ಮಠಗಳೂ ಸಂಸ್ಥೆಗಳೂ ಒಂದೊಂದು ಎಕರೆ ಬಯಲನ್ನಾದರೂ ಕಟ್ಟಡಕ್ಕೆ ಬಿಟ್ಟುಕೊಡದೆ ಉಳಿಸಬೇಕು. ಪಾಲಕರು ಸಂಜೆಯ ಒಂದು ಗಂಟೆಯನ್ನು ಮನೆಪಾಠದಿಂದ ಬಿಡಿಸಿ ಮಕ್ಕಳಿಗೆ ಕೊಡಬೇಕು. ಹೆಣ್ಣುಮಕ್ಕಳಿಗೂ ಅದರಲ್ಲಿ ಸಮಪಾಲಿರಲಿ.

ರಣಜಿ ಪಂದ್ಯ ನವುಲೆಗೆ ಬಂದಾಗ ಮನೆಮಂದಿಯೆಲ್ಲ ಒಂದು ದಿನ ಹೋಗಿಬನ್ನಿರಿ. ಬುತ್ತಿ ಕಟ್ಟಿಕೊಂಡು ಹೊರಟರೆ ಸಂಜೆಗೆ ಮನೆ ಸೇರಬಹುದು. ಮಕ್ಕಳಿಗೆ ಬ್ಯಾಟು ಬೀಸುವವರನ್ನು ತೋರಿಸಿರಿ. ರೋಲರ್ ಎಳೆಯುವವರನ್ನೂ ಮರೆಯದೆ ತೋರಿಸಿರಿ.