ಹತ್ತು ದಿನಗಳ ನಿರೀಕ್ಷೆ

ಅಪಾಯ ಬಂದೊದಗಿದ ಮೇಲೆ ಧೈರ್ಯ ತಾಳುವುದು ಅಷ್ಟೊಂದು ಕಷ್ಟವಲ್ಲವೆಂದು ಈಚೆಗೆ ನನಗೆ ತೋರಿದೆ. ಅಪಾಯವುಂಟೋ ಇಲ್ಲವೋ ಎಂಬುದು ನಿಶ್ಚಯವಾಗದ ಕಾಲದಲ್ಲಿ ಧೈರ್ಯಕ್ಕೆ ಕಾಲೂರಲು ನೆಲವೇ ಸಿಕ್ಕುವುದಿಲ್ಲ. ಕಳೆದ ವರ್ಷದ ಕಾರ್ತಿಕಮಾಸದಲ್ಲಿ ನಮ್ಮ ಮನೆಯಲ್ಲಿ ಅಂತಹ ಹತ್ತು ದಿನಗಳನ್ನು ಕಳೆದೆವು. ವಿಷಯ ಮನೆಯೊಳಗಿನದು. ಆದರೂ ಬರೆಯಿರೆಂದು ಹೇಳಿದವಳು ನನ್ನ ಗೃಹಿಣಿಯೇ ಆದುದರಿಂದ ಸಂಕೋಚವನ್ನು ಬಿಟ್ಟಿದ್ದೇನೆ.

ಆಕೆಗೆ ಅರುವತ್ತೊಂದು ವರ್ಷ. ಕೆಳಹೊಟ್ಟೆಯ ಎಡಗಡೆ ಕೆಲವು ತಿಂಗಳಿಂದ ನೋವಿದ್ದಿತು. ವಾಯುವೆಂದು ಭಾವಿಸಿ ಓಮದ ಕಷಾಯ ಕುಡಿದು, ನನಗೆ ತಿಳಿಯದಂತೆ ಸಹಿಸಿಕೊಂಡಿದ್ದಳು. ಸ್ಕ್ಯಾನಿಂಗಿನಲ್ಲಿ ಎಡ ಅಂಡಾಶಯದ ಮೇಲೆ ೮ ಸೆಂಟಿಮೀಟರಿನಷ್ಟು ಅಗಲದ ನೀರುಗಂಟು ಕಂಡಿತು. ವೈದ್ಯರು ಅದನ್ನು ಸಿಸ್ಟ್ ಎನ್ನುತ್ತಾರೆ. ರಕ್ತದಲ್ಲಿ ಸಿ.ಎ. ೧೨೫ ಎಂಬುದರ ಅಂಕ ಸಾಮಾನ್ಯವಾಗಿ ೩೫ರೊಳಗೆ ಇರಬೇಕಂತೆ, ಈಕೆಯದು ೪೯. ನಿರಪಾಯವಾದ ಬೇರೆ ಕಾರಣಗಳಿಂದಲೂ ಅದು ಏರುವುದುಂಟು, ಆದರೆ ಮುಟ್ಟು ನಿಂತ ವಯಸ್ಸಿನಲ್ಲಿ ಅಲಕ್ಷಿಸಲಾಗದು ಎಂದು ವೈದ್ಯೆ ತಿಳಿಸಿದರು. ಸೂಜಿಯಿಂದ ಚುಚ್ಚಿ ನೋಡಬಾರದೆ ಎಂದು ಕೇಳಿದೆ. ಒಳಗೆ ಕೆಟ್ಟದ್ದಿದ್ದರೆ ಹೊಟ್ಟೆಯಲ್ಲಿ ಚೆಲ್ಲುವ ಭಯವಿರುವುದರಿಂದ, ಗಂಟನ್ನು ಒಡೆಯದೆ ಇಡಿಯಾಗಿ ತೆಗೆದು ಪರೀಕ್ಷಿಸುವುದೇ ಕ್ರಮವೆಂದರು. ಹಾಗೆಯೇ ತೆಗೆದರು. ಮೂರನೆಯ ದಿನ ಮನೆಗೆ ಬಂದೆವು. ಫಲ ತಿಳಿಯಲು ಇನ್ನೂ ಹತ್ತು ದಿನ.

ಮೂವತ್ತನಾಲ್ಕು ವರ್ಷ ಸಂಸ್ಕೃತ ಕಲಿಸಿದವನು ನಾನು. ಸ್ಥಿತಪ್ರಜ್ಞನ ಲಕ್ಷಣವನ್ನು ಎಷ್ಟು ಸಲ ವಿವರಿಸಿದ್ದೇನೋ ಲೆಕ್ಕವಿಲ್ಲ. ಆ ದಿನಗಳಲ್ಲಿ ಮೊಬೈಲು ಸದ್ದಾದರೆ ನನ್ನ ಕೈ ನಡುಗುತ್ತಿತ್ತು. ರಾತ್ರಿ ಆಕೆ ಹೊಲಿಗೆಯ ನೋವನ್ನು ಮರೆಸಿ ನಿದ್ರೆ ಬಂದವಳಂತೆ ಮಲಗುವಳು, ನಾನೂ ಹಾಗೆಯೇ. ನಾಲ್ವತ್ತು ವರ್ಷ ಒಟ್ಟಿಗೆ ಬಾಳಿದವರಿಗೆ ನಿದ್ರೆಯ ಉಸಿರು ಬೇರೆ, ನಟನೆಯ ಉಸಿರು ಬೇರೆ ಎಂಬುದು ತಿಳಿಯದೆ?

ಗ್ರಂಥಗಳನ್ನು ಆಶ್ರಯಿಸಿದೆ. ಚರಕಸಂಹಿತೆಯಲ್ಲಿ ಸ್ತ್ರೀಯರಿಗೆ ಮಾತ್ರ ಬರುವ ರಕ್ತಗುಲ್ಮವೆಂಬುದಿದೆ. ಅದು ಗರ್ಭದಂತೆಯೇ ತೋರುವುದರಿಂದ ಹತ್ತು ತಿಂಗಳು ಕಳೆದ ಮೇಲೆಯೇ ಚಿಕಿತ್ಸೆ ಮಾಡತಕ್ಕದ್ದೆಂದು ಹೇಳಿದೆ. ಹತ್ತು ದಿನ ಕಾಯಲಾರದ ನಾನು, ಹತ್ತು ತಿಂಗಳು ಕಾದ ಹೆಂಗಸರನ್ನು ನೆನೆದು ಪುಸ್ತಕ ಮುಚ್ಚಿದೆ. ಮತ್ತೊಂದೆಡೆ, ಅಮೆರಿಕದ ಕೆಂಟಕಿಯಲ್ಲಿ ೧೮೦೯ರ ಡಿಸೆಂಬರಿನಲ್ಲಿ ಎಫ್ರೆಯಿಮ್ ಮ್ಯಾಕ್‌ಡೊವೆಲ್ ಎಂಬ ವೈದ್ಯನು ಜೇನ್ ಕ್ರಾಫರ್ಡ್ ಎಂಬಾಕೆಯ ಅಂಡಾಶಯದ ಗಂಟನ್ನು ತೆಗೆದ ವೃತ್ತಾಂತ ದೊರಕಿತು. ಅರಿವಳಿಕೆಯಿಲ್ಲದ ಕಾಲ. ಆಕೆ ಸುಮಾರು ೬೦ ಮೈಲಿ ಕುದುರೆಯ ಮೇಲೆ ಬಂದು, ಕೀರ್ತನೆಗಳನ್ನು ಹೇಳಿಕೊಳ್ಳುತ್ತಲೇ ೨೫ ನಿಮಿಷ ಕತ್ತಿಗೆ ಮೈಯೊಡ್ಡಿದಳಂತೆ. ಬಳಿಕ ೧೮೪೨ರವರೆಗೂ ಬದುಕಿದಳಂತೆ. ಧೈರ್ಯ ಬರಲೆಂದು ಇದನ್ನು ನನ್ನಾಕೆಗೆ ಓದಿ ಹೇಳಿದೆ. “ಆಕೆಯದು ಇಪ್ಪತ್ತೈದು ನಿಮಿಷಕ್ಕೆ ಮುಗಿಯಿತಲ್ಲ” ಎಂದಳು.

ನಿಜವಾಗಿ ಸಮಾಧಾನ ತಂದುದು ಪ್ರಯೋಗಾಲಯದಲ್ಲಿ ಕೆಲಸದಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬನ ಮಾತು. ತೆಗೆದ ಗಂಟು ಮೊದಲು ಫಾರ್ಮಲಿನ್ನಿನಲ್ಲಿ ನೆನೆಯಬೇಕು. ನೀರಿನಂಶ ತೆಗೆದು ಮೇಣದಲ್ಲಿ ಕೂಡಿಸಬೇಕು. ಮಿಲಿಮೀಟರಿನ ಸಾವಿರದ ನಾಲ್ಕೈದು ಪಾಲಿನಷ್ಟು ತೆಳುವಾಗಿ ಸೀಳಿ, ಬಣ್ಣವೇರಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಕೇಡು ಯಾವುದೋ ಒಂದು ಮೂಲೆಯಲ್ಲಿ ಅಡಗಿರಬಹುದಾದ್ದರಿಂದ ಅನೇಕ ಕಡೆಗಳಿಂದ ಸೀಳು ತೆಗೆಯಬೇಕು. “ಬೇಗ ಮಾಡಿದರೆ ನಿಮಗೇ ನಷ್ಟ, ಗುರುಗಳೇ” ಎಂದ. ಪಾಠಶಾಲೆಯಲ್ಲಿ ನಮ್ಮ ಗುರುಗಳು ಹುಳು ಕೊರೆದ ತಾಳೆಗರಿಯ ಒಂದೊಂದು ಅಕ್ಷರಕ್ಕೆ ಅರ್ಧ ದಿನ ಕೂರುತ್ತಿದ್ದುದು ನೆನಪಾಯಿತು. ಅಂದು ಮೊದಲ ಬಾರಿಗೆ ಹೊಟ್ಟೆ ತುಂಬ ಊಟ ಮಾಡಿದೆ.

ನಾಲ್ಕನೆಯ ದಿನವಿರಬೇಕು, ಆಕೆ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ನನ್ನ ಕೈಗೆ ನೋಟುಪುಸ್ತಕ ಕೊಟ್ಟು, ಸಾರಿನ ಪುಡಿಯ ಅಳತೆ ಬರೆಸತೊಡಗಿದಳು. ಕೊತ್ತಂಬರಿ ಎಷ್ಟು, ಮೆಣಸೆಷ್ಟು, ಜೀರಿಗೆಯೆಷ್ಟು; ಉಪ್ಪಿನಕಾಯಿಯ ಯಾವ ಭರಣಿ ಹಳೆಯದು; ಹಾಲಿನವನಿಗೆ ಕೊಡಬೇಕಾದ ಬಾಕಿ. ನೋವಿನಿಂದ ನಿಲ್ಲಲಾರದೆ ಹೇಳಿಕೊಡುತ್ತಿದ್ದಾಳೆಂದು ನಾನು ವಿಧೇಯ ವಿದ್ಯಾರ್ಥಿಯಂತೆ ಬರೆದುಕೊಂಡೆ. ಎರಡನೆಯ ಪುಟಕ್ಕೆ ಬಂದಾಗ ಅರ್ಥವಾಯಿತು. ಲೇಖನಿ ಕೆಳಗಿಟ್ಟೆ.

“ಇದೆಲ್ಲ ನನಗೇಕೆ?” ಎಂದೆ.

“ತಿಳಿದೂ ಕೇಳುತ್ತೀರಲ್ಲ” ಎಂದಳು.

ಆಮೇಲೆ ನಾವಿಬ್ಬರೂ ಬಹಳ ಹೊತ್ತು ಮಾತಾಡಿದೆವು. ಅದನ್ನು ಇಲ್ಲಿ ಬರೆಯಲಾರೆ. ಅಂದು ರಾತ್ರಿ ಆಕೆ ನಟಿಸಲಿಲ್ಲ. “ಇಲ್ಲಿ ನೋಯುತ್ತಿದೆ, ಬಗ್ಗಲಾಗುವುದಿಲ್ಲ, ಹೆದರಿಕೆಯಾಗುತ್ತದೆ” ಎಂದು ಒಂದೊಂದಾಗಿ ಹೇಳಿದಳು. ನನ್ನ ಹೆದರಿಕೆಯನ್ನೂ ಹೇಳಿದೆ. ನೋವು ಏರುವವರೆಗೆ ಕಾಯದೆ ಹೊತ್ತುಹೊತ್ತಿಗೆ ಮಾತ್ರೆ ಕೊಡಬೇಕೆಂದು ವೈದ್ಯೆ ಹೇಳಿದ್ದರು. ಆಕೆ ಅದನ್ನು ಸೆರಗಿನ ತುದಿಯಲ್ಲಿ ಕಟ್ಟಿಡುತ್ತಿದ್ದಳೆಂದು ಆಗ ಹೊರಬಿದ್ದಿತು. ಆ ಅಧಿಕಾರ ನನ್ನದಾಯಿತು. ಹೊಟ್ಟೆಗೆ ದಿಂಬು ಒತ್ತಿಕೊಂಡರೆ ಕೆಮ್ಮಿದಾಗ ಹೊಲಿಗೆ ಅಷ್ಟಾಗಿ ನೋಯುವುದಿಲ್ಲವೆಂಬುದನ್ನೂ ಕಲಿತೆವು. ಭಯವೇನೂ ಹೋಗಲಿಲ್ಲ, ನಿದ್ರೆ ಮಾತ್ರ ಬಂದಿತು.

ಹತ್ತನೆಯ ದಿನ ರಿಪೋರ್ಟು ಬರಲಿಲ್ಲ. ಹನ್ನೊಂದನೆಯ ದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ಬೆಂಗಳೂರಿನಿಂದ ಮಗಳು ಕರೆದು, “ಅಪ್ಪಾ, ಒಳ್ಳೆಯ ಗಂಟೇ, ಕ್ಯಾನ್ಸರ್ ಅಲ್ಲ” ಎಂದಳು. ಮುಂದಿನ ಮಾತುಗಳು ನನಗೆ ಕೇಳಿಸಲಿಲ್ಲ. ಫೋನನ್ನು ಆಕೆಯ ಕೈಗೆ ಕೊಟ್ಟೆ.

ಮಾರನೆಯ ಬೆಳಗ್ಗೆ ಆಕೆ ನೋಟುಪುಸ್ತಕ ತರಿಸಿಕೊಂಡು ಕನ್ನಡಕವಿಟ್ಟು ಓದಿದಳು. “ಮೆಂತ್ಯ ಕಾಲು ಪಾವು ಎಂದು ಬರೆದಿದ್ದೀರಿ. ಆ ಕಹಿ ಸಾರನ್ನು ಯಾರು ಉಣ್ಣಬೇಕು?” ಎಂದು, ನನ್ನ ಲೇಖನಿಯಿಂದಲೇ ಹೊಡೆದುಹಾಕಿ, ‘ಎರಡು ಚಮಚ’ ಎಂದು ತಿದ್ದಿದಳು.