ತಿರುಳೆಂಬ ಹೆಸರು

ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಲೈಬ್ರರಿಯಲ್ಲಿ 'ನಬ್' ಎಂಬೊಂದು ಫಂಕ್ಷನ್ ಇದೆ. ಪಟ್ಟಿಯಲ್ಲಿ ಮರುಕಳಿಸಿದವನ್ನು ಕಳೆದು, ಮೊದಲು ಬಂದುದನ್ನಷ್ಟೇ ಉಳಿಸುವುದು ಅದರ ಕೆಲಸ: 1, 2, 1, 3 ಕೊಟ್ಟರೆ 1, 2, 3 ಮರಳುತ್ತದೆ. ಹೆಸರಿನ ಅರ್ಥ 'ಸಾರ' ಎಂದು ಕೈಪಿಡಿಯೇ ವಿವರಿಸುತ್ತದೆ. ನಮ್ಮ 'ತಿರುಳು' ಎನ್ನೋಣ. ಕಾವ್ಯಕ್ಕೆ ಒಪ್ಪುವ ಹೆಸರು.

ಪುಣೆಯಲ್ಲಿ ನನ್ನೊಡನೆ ದುಡಿಯುವ ಕಿರಿಯನೊಬ್ಬ, ಇಂಥದ್ದು ಇಲ್ಲವೆಂದೇ ತಿಳಿದು ತಾನೇ ಒಂದನ್ನು ಬರೆದಿದ್ದ. ಹುಡುಕದೆ ಇರಲಿಲ್ಲ, ಹುಡುಕಿದ್ದು 'ಡಿಸ್ಟಿಂಕ್ಟ್' ಎಂದು. ಕ್ಲೋಜರ್, ಸ್ಕಾಲಾಗಳಲ್ಲಾಗಿದ್ದರೆ ಅದೇ ಹೆಸರಿನಲ್ಲಿ ಸಿಕ್ಕಿಬಿಡುತ್ತಿತ್ತು. ಕನ್ನಡ ಮಾಧ್ಯಮದಲ್ಲಿ ಓದಿದವನು, ತನ್ನ ಇಂಗ್ಲಿಷೇ ಸಾಲದೆಂದು ನಾಚಿಕೊಂಡ. ನಾಚಬೇಕಾದದ್ದು ಆ ಹೆಸರು ಎಂದೆ.

ಅವನು ತನ್ನದಕ್ಕೆ ಇಟ್ಟಿದ್ದ ಹೆಸರು 'ರಿಮೂವ್ ಡೂಪ್ಲಿಕೇಟ್ಸ್'. ಉದ್ದವಾಯಿತು, ನಿಜ. ಹೆಸರನ್ನು ಹಾಗೆಯೇ ಬಿಟ್ಟು, ಒಳಗೆ ಮಾತ್ರ ನಬ್ ಇರಿಸಿದೆವು.